ಅಂಗಿ ಕಟ್ಟಿದ ದಿನ ಬಿಚ್ಚಿದ ಕಂಬಿ

ಚಾಚಕ್,
೨೯ ಅಕ್ಟೋಬರ್ ೧೯೮೭, ಗುರುವಾರ

ಪ್ರೀತಿಯ ತಮ್ಮ ವಿತೊಮಿರ್‌ಗೆ,

ಹೇಗಿದ್ದೀಯ? ಸ್ಟುಟ್‌ಗಾರ್ಟಿನ ಚಳಿ ನಿನ್ನ ಎದೆಗೆ ಒಗ್ಗಿತೇ? ಕೆಮ್ಮು ಬಂದರೆ ಔಷಧಿ ತೆಗೆದುಕೋ, ಗಂಡಸುತನ ತೋರಿಸಬೇಡ. ಇಲ್ಲಿ ಅಮ್ಮ, ನಿನ್ನ ಹೆಂಡತಿ ದೆಸಾಂಕಾ, ಪುಟ್ಟ ಯಾಸ್ನಾ ಎಲ್ಲರೂ ಕ್ಷೇಮ. ಅಮ್ಮ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಐವಾರ್ ಚಟ್ನಿ ಕಾಯಿಸಿ ಸೀಸೆಗೆ ತುಂಬಿದ್ದಾಳೆ. ನಿನ್ನ ಪಾಲಿನ ಸೀಸೆಗಳನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಕ್ಷೇಮ ಸಮಾಚಾರ ಇಷ್ಟೇ.

ಈಗ ಕೊಡುತ್ತೇವೆ ಅಂದದ್ದೇನು, ಕೊಡದೇ ಹೋದದ್ದೇನು ಎಂದು ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಕಾರ್ಮಿಕರ ಮಂಡಳಿಯ ಮುಂದೆ ನಿಂತು ನಮ್ಮ ಕಟ್ಟಡ ಕಂಪನಿಯ ನಿರ್ದೇಶಕ ತೊಮೋವಿಚ್ ಮಾತು ಕೊಟ್ಟ: ಐದೂ ಕಟ್ಟಡಗಳ ಚಾವಣಿಯ ಅಂಚಿಗೆ ಸೊಂಟದೆತ್ತರದ ತಡೆಕಂಬಿ. ಬಂದದ್ದು ಒಂದು ಕಟ್ಟಡಕ್ಕಾಗುವಷ್ಟು. ಅಂಚಿನ ಕೆಳಗೆ ಬಲೆ ಅಂದ. ಬಲೆಯನ್ನು ಇವತ್ತಿನವರೆಗೆ ಕಂಡವರಿಲ್ಲ. ಮೇಲೆ ಹತ್ತುವ ಪ್ರತಿಯೊಬ್ಬನಿಗೂ ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗ ಸಿಕ್ಕಿಸಲು ತೊಲೆಯಲ್ಲಿ ಕೊಕ್ಕೆ ಅಂದ. ಬೆಲ್ಟು ಬಂತು, ಹಗ್ಗ ಬರಲಿಲ್ಲ. ತಗಡು ಹೊದಿಸುವವರಲ್ಲಿ ಎಲ್ಲರಿಗಿಂತ ಹಿರಿಯ ಓಬ್ರೆನ್ ಚಿಕ್ಕಪ್ಪ ಅವತ್ತೇ ಅಂದಿದ್ದ, "ಹಗ್ಗ ಇಲ್ದಿರೋ ಬೆಲ್ಟು ಪ್ಯಾಂಟು ಜಾರದ ಹಾಗೆ ತಡೀತದೆ ಕಣ್ರೋ, ಮನುಷ್ಯ ಜಾರದ ಹಾಗಲ್ಲ." ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮೇಲೆ ಹತ್ತಿದೆವು. ನಾವು ಸೋತದ್ದು ಅಲ್ಲೇ.

ನಮ್ಮ ಮೇಸ್ತ್ರಿ ಮಿಲಿಸಾವ್ ಚಾವಣಿಯಿಂದ ಬಿದ್ದು ತಿಂಗಳಾಯಿತು. ತನಿಖಾ ಸಮಿತಿ ಮೊನ್ನೆ ತನ್ನ ವರದಿ ಓದಿತು. ಅವನು ಚಾವಣಿಯ ಮೇಲೆ ಕಟ್ಟಿದ್ದ ಉಡುಗೊರೆಯ ಅಂಗಿ ಬಿಚ್ಚಲು ಹೋಗಿದ್ದನಂತೆ. ಅಂಗಿ ಕಟ್ಟುವುದು ಬಿಚ್ಚುವುದು ಸಂಪ್ರದಾಯ, ಕೆಲಸವಲ್ಲ. ಆದ್ದರಿಂದ ಇದು ಕೆಲಸದ ಅಪಘಾತವಲ್ಲವಂತೆ. ಅವನು ಕುಡಿದಿದ್ದನಂತೆ. ಕಂಬಿಯನ್ನು ವಿತೊಮಿರ್ ಎಂಬ ಕೆಲಸಗಾರ ಯಾರ ಅಪ್ಪಣೆಯೂ ಇಲ್ಲದೆ ಬಿಚ್ಚಿ, ಆಮೇಲೆ ಜರ್ಮನಿಗೆ ಓಡಿಹೋದನಂತೆ. ಕೇಳಿಸಿತೇ? ಅದು ನೀನು.

ಅಂಗಿ ಕಟ್ಟುವುದು ಕೆಲಸವಲ್ಲವಂತೆ! ತೊಲೆ ಏರಿದ ದಿನ, ಆ ಮನೆಯಲ್ಲಿ ಬಾಳಲಿರುವವರು ಕಟ್ಟಿದವರಿಗೆ ಅಂಗಿ ತಂದು ಕೊಡುವುದು ನಮ್ಮ ಅಜ್ಜಂದಿರ ಕಾಲದಿಂದ ಇದೆ. ಅಂಗಿಗಳನ್ನು ಚಾವಣಿಯ ಮೇಲೆ ಹಗ್ಗಕ್ಕೆ ಕಟ್ಟಿ, ಮೇಸ್ತ್ರಿ ಒಂದೊಂದನ್ನೇ ಬಿಚ್ಚಿ ಎತ್ತಿ ಹಿಡಿದು, ಕೊಟ್ಟವರ ಹೆಸರು ಕೂಗಿ ಹರಸಬೇಕು. ಓಬ್ರೆನ್ ಚಿಕ್ಕಪ್ಪ ಸಮಿತಿಯ ವಕೀಲನಿಗೆ ಮುಖಕ್ಕೆ ಹೊಡೆದ ಹಾಗೆ ಕೇಳಿದ: "ಫೋಟೋ ತೆಗೆಯೋನ್ನ ಕರೆಸಿದ್ದು ಯಾರಪ್ಪ? ಪುರಸಭೆಯೋರಿಗೆ ಕುರ್ಚಿ ಹಾಕಿಸಿದ್ದು ಯಾರು? ನಿಮಗಾದ್ರೆ ಸಮಾರಂಭ, ಬಿದ್ದೋನಿಗೆ ಮಾತ್ರ ಸ್ವಂತ ಕೆಲಸವಾ?" ವಕೀಲ ಕನ್ನಡಕ ಒರೆಸಿಕೊಂಡ. ಕುಡಿತದ ಮಾತಿಗೆ ನಾನೇ ಎದ್ದು ನಿಂತೆ. ಶಾಸ್ತ್ರಕ್ಕೆ ಒಂದು ಗುಟುಕು ರಾಕಿಯಾ ಅವನ ಬಾಯಿಗೆ ಹೋದದ್ದು ನಿಜ. ಆ ದಿನ ಸರಿಯಾಗಿ ಕುಡಿದವರೆಲ್ಲ ಕೆಳಗೆ ಕುರ್ಚಿಯ ಮೇಲಿದ್ದರು, ಅವರ್ಯಾರೂ ಬೀಳಲಿಲ್ಲ ಎಂದೆ. ಸಭೆ ಗೊಳ್ಳೆಂದಿತು. ತೊಮೋವಿಚ್ ನಗಲಿಲ್ಲ.

ನಾನು ಕ್ರೇನಿನ ಗೂಡಿನಿಂದ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ತೊಮೋವಿಚ್ ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದ. ಫೋಟೋದವನು ಕ್ಯಾಮೆರಾ ಕಣ್ಣಿಗಿಟ್ಟು ಅಡ್ಡಡ್ಡ ತಲೆ ಆಡಿಸಿದ. ತೊಮೋವಿಚ್ ನಿನ್ನನ್ನು ಕರೆದ, ಬೀದಿ ಕಡೆಯ ಕಂಬಿಗೆ ಬೆರಳು ತೋರಿಸಿದ, ಕೈಯನ್ನು ಪಕ್ಕಕ್ಕೆ ಬೀಸಿದ. ನೀನು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಮೇಲೆ ಬಂದೆ. ಬಿಚ್ಚಿದ ಕಂಬಿಯ ಕಟ್ಟನ್ನು ನಿನ್ನ ಸನ್ನೆ ನೋಡಿ ಕೆಳಗಿಳಿಸಿದ್ದು ನನ್ನ ಕ್ರೇನು. ಅದನ್ನೂ ಹೇಳಿದೆ. ವಕೀಲ ಕೇಳಿದ, "ಕಾಮ್ರೇಡ್ ರಾದೊಯ್ಕಾ, ನಿರ್ದೇಶಕರ ಮಾತು ನಿಮ್ಮ ಕಿವಿಗೆ ಬಿತ್ತೇ?" ಇಲ್ಲ ಎಂದೆ. "ಹಾಗಾದರೆ ಅಪ್ಪಣೆ ಕೊಟ್ಟರೆಂದು ಹೇಗೆ ಹೇಳುತ್ತೀರಿ?" ನನಗೆ ಮೈ ಉರಿದುಹೋಯಿತು, ತಮ್ಮಾ. ಇಷ್ಟು ವರ್ಷ ಆ ಗೂಡಿನಲ್ಲಿ ಕೂತು ನಾನು ಯಾರ ಮಾತನ್ನೂ ಕೇಳಿದವಳಲ್ಲ. ಕೆಳಗಿನವನ ಕೈ ನೋಡಿ ಟನ್ನುಗಟ್ಟಲೆ ಕಬ್ಬಿಣವನ್ನು ಜನರ ತಲೆಯ ಮೇಲಿಂದ ದಾಟಿಸಿದ್ದೇನೆ. ಆಗ ಕೈ ಸನ್ನೆ ಅಪ್ಪಣೆ. ನಿರ್ದೇಶಕನ ಕೈ ಆದ ಕೂಡಲೇ ಅದು ನೊಣ ಓಡಿಸಿದ್ದೇ? ಇದನ್ನೇ ಗಟ್ಟಿಯಾಗಿ ಕೇಳಿದೆ. ಬರೆದುಕೊಂಡರು. ಆದರೂ ಮಾತು ಕೇಳಿದವರು ಬೇಕು ಅಂದರು. ಅದನ್ನು ಕೇಳಿದ ಕಿವಿ ಎರಡೇ, ಅವು ಸ್ಟುಟ್‌ಗಾರ್ಟಿನಲ್ಲಿವೆ.

ನೀನು ಹೊರಡುವ ಮುಂಚಿನ ಸಂಜೆ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನನಗೆ ಹೇಳಿದ್ದೆಯಲ್ಲ, "ಅಕ್ಕಾ, 'ಇದೇನು ಕುರಿದೊಡ್ಡಿಯೋ? ಬಿಚ್ಚಯ್ಯಾ ಅತ್ಲಾಗೆ, ಫೋಟೋ ಮುಗಿದ ಮೇಲೆ ಹಾಕಿದ್ರಾಯ್ತು' ಅಂದ" ಎಂದು. ಅದನ್ನು ಅಡುಗೆಮನೆಯಲ್ಲಿ ಹೇಳಿದರೆ ನನಗೆ ಮಾತ್ರ ಕೇಳಿಸುತ್ತದೆ. ನಾನು ಹೇಳಿದರೆ, ತಮ್ಮನನ್ನು ಉಳಿಸಿಕೊಳ್ಳಲು ಅಕ್ಕ ಕಟ್ಟಿದ ಕಥೆ ಅನ್ನುತ್ತಾರೆ. ಅಂದೂ ಆಯಿತು.

ಅವನು ಬಿದ್ದ ಕ್ಷಣ ನೀನು ಕೆಳಗೆ ಕಂಬಿಯ ಕಟ್ಟಿನ ಹತ್ತಿರ ಇದ್ದೆ, ನೋಡಲಿಲ್ಲ. ನಾನು ನೋಡಿದೆ. ಮೂಲೆಯ ಕೊನೆಯ ಅಂಗಿ ಬಿಚ್ಚಿ, ಎತ್ತಿ ಹಿಡಿದು, ಕೊಟ್ಟವರ ಹೆಸರು ಕೂಗಿದ. ಕೆಳಗೆ ಚಪ್ಪಾಳೆ. ಆಮೇಲೆ ಮೈಯನ್ನು ಸ್ವಲ್ಪ ವಾಲಿಸಿ ಎಡಗೈ ಚಾಚಿದ, ನೋಡದೆಯೇ ಚಾಚಿದ, ಕಂಬಿ ಹಿಡಿಯಲು. ಕಂಬಿ ಇಲ್ಲದ ಚಾವಣಿ ಅವನಿಗೆ ಹೊಸದೇ? ಹುಡುಗನಾಗಿದ್ದಾಗಿನಿಂದ ಅದರ ಮೇಲೇ ನಡೆದವನು. ಆದರೆ ಈ ಚಾವಣಿಯಲ್ಲಿ ಬೇಸಿಗೆಯಿಡೀ ಕಂಬಿ ಇತ್ತು. ಕೈ ಅದನ್ನು ನಂಬಿಬಿಟ್ಟಿತ್ತು. ಇಲ್ಲದ ಕಂಬಿ ಅವನನ್ನು ಕೆಡವಲಿಲ್ಲ, ಕೊಟ್ಟು ಕಸಿದುಕೊಂಡ ಕಂಬಿ ಕೆಡವಿತು. ಗಾರೆಯವರ ಅಟ್ಟಣಿಗೆಯ ಹಲಗೆಗೆ ಬಡಿದು ಮರಳ ರಾಶಿಗೆ ಬಿದ್ದದ್ದರಿಂದ ಜೀವ ಉಳಿದಿದೆ. ಸೊಂಟದ ಕೆಳಗೆ ಮಾತ್ರ ಏನೂ ಇಲ್ಲ. ಹೆಂಡತಿ ಕಾಲು ಒತ್ತಿದರೆ, "ಯಾರದೋ ಕಾಲು ಒತ್ತುತಾ ಇದೀಯಲ್ಲೇ" ಎಂದು ತಮಾಷೆ ಮಾಡುತ್ತಾನೆ. ಅವಳು ಹೊರಗೆ ಹೋಗಿ ಅತ್ತು ಬರುತ್ತಾಳೆ.

ಅವತ್ತಿನಿಂದ ಉಳಿದ ನಾಲ್ಕು ಚಾವಣಿಗೆ ಯಾರೂ ಹತ್ತಿಲ್ಲ. ಬಡಗಿಗಳು, ತಗಡಿನವರು, ನಾವು ಕ್ರೇನಿನವರು, ಎಲ್ಲರೂ ಕೆಳಗೇ ಕೂತಿದ್ದೇವೆ. ಕಂಬಿ ಹಾಕಿ, ಹಗ್ಗ ಕೊಡಿ, ಹತ್ತುತ್ತೇವೆ ಎಂದಿದ್ದೇವೆ. ತೊಮೋವಿಚ್ ಮೊದಲು ಹಲ್ಲು ಕಿರಿದ, ಆಮೇಲೆ ಹೆದರಿಸಿದ, ಈಗ ಹಿಮ ಬೀಳುವ ಮುನ್ನ ಚಾವಣಿ ಮುಗಿಯದಿದ್ದರೆ ಮನೆಗಳಿಗಾಗಿ ಕಾದವರ ಶಾಪ ನಿಮಗೇ ತಟ್ಟುತ್ತದೆ ಎನ್ನುತ್ತಿದ್ದಾನೆ. ಮನೆಗಾಗಿ ಕಾದಿರುವ ಹೆಂಗಸರೇ ದಿನಾ ನಮಗೆ ಬಿಸಿ ಹುರುಳಿಕಾಯಿ ಸಾರು, ಬ್ರೆಡ್ಡು ತಂದು ಕೊಡುತ್ತಿದ್ದಾರೆ, ಅವನಿಗೆ ಗೊತ್ತಿಲ್ಲ. ವರದಿಯನ್ನು ಒಪ್ಪಬೇಕೋ ಬಿಸಾಡಬೇಕೋ ಎಂದು ತೀರ್ಮಾನಿಸುವುದು ಮಂಡಳಿಯ ಮುಂದಿನ ಸಭೆ. ಒಪ್ಪಿದರೆ ತಪ್ಪು ಕೆಲಸಗಾರರದು, ಕಂಬಿಯ ಮಾತು ಅಲ್ಲಿಗೆ ಮುಗಿಯಿತು. ಮಿಲಿಸಾವ್ ತಾನೂ ಬಂದು ಮಾತಾಡುತ್ತೇನೆ ಎಂದಿದ್ದಾನೆ. ಮಂಚದ ಸಮೇತ ಹೊತ್ತು ತರುತ್ತೇವೆ.

ನೀನು ಓಡಿಹೋದೆ ಎಂದು ನಾನು ಅನ್ನುವುದಿಲ್ಲ. ಆ ಪರವಾನಗಿ, ಆ ಟಿಕೆಟ್ಟು ಆಗಸ್ಟಿನಿಂದಲೇ ನಿನ್ನ ಜೇಬಿನಲ್ಲಿದ್ದವು, ಬಲ್ಲೆ. ಆದರೆ ನಿಂತವನೂ ಅಲ್ಲ ನೀನು. ಹೆದರಿಕೆ ಯಾರಿಗಿಲ್ಲ? ನಾನೂ ಗೂಡಿನ ಏಣಿ ಹತ್ತುವಾಗ ದಿನಾ ಹೆದರುತ್ತೇನೆ.

ಹುಷಾರಾಗಿರು. ಅಲ್ಲಿ ನೀನು ಕೆಲಸ ಮಾಡುವ ಕಡೆ ಕಂಬಿ ಹಾಕಿದ್ದಾರಾ, ಬರೆ. ಅಮ್ಮನ ಆಶೀರ್ವಾದ. ಯಾಸ್ನಾಳ ಮುತ್ತು.

ನಿನ್ನ ಅಕ್ಕ,
ರಾದೊಯ್ಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ತಡೆದದ್ದು. ನಿನ್ನೆ ಆಸ್ಪತ್ರೆಯಲ್ಲಿ ಮಿಲಿಸಾವ್ ನನ್ನನ್ನು ಹತ್ತಿರ ಕರೆದ. ಸಭೆಯಲ್ಲಿ ಏನು ಹೇಳುತ್ತಾನೆ ಗೊತ್ತೇ? ಕಂಬಿಯನ್ನು ತಾನೇ ಬಿಚ್ಚಿಸಿದೆ, ವಿತೊಮಿರ್‌ನ ತಪ್ಪಿಲ್ಲ, ನಿರ್ದೇಶಕನ ತಪ್ಪೂ ಇಲ್ಲ ಎನ್ನುತ್ತಾನಂತೆ. "ನನಗಂತೂ ಕಾಲು ಹೋಯ್ತು, ಅವನಿಗ್ಯಾಕೆ ಜೈಲು? ನಾನು ಅವನ ಕೂಮ್ ಅಲ್ವೇನಕ್ಕಾ" ಅಂದ. ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡ. ಮಾತು ಮುರಿಯುತ್ತಿದ್ದೇನೆ. ನಿನ್ನ ಮದುವೆಗೆ ಕೂಮ್ ಆಗಿ ಸಾಕ್ಷಿ ನಿಂತವನು, ನಿನ್ನ ಮಗಳಿಗೆ ಹೆಸರಿಟ್ಟವನು, ಮಂಚದ ಮೇಲೆ ಮಲಗಿಕೊಂಡು ನಿನಗಾಗಿ ಸುಳ್ಳು ಹೇಳಲಿದ್ದಾನೆ. ಆ ಸುಳ್ಳು ಬರಹಕ್ಕೆ ಬಿದ್ದರೆ ಅವನಿಗೆ ನ್ಯಾಯವಿಲ್ಲ, ನಾಲ್ಕು ಚಾವಣಿಗೂ ಕಂಬಿಯಿಲ್ಲ. ಈ ಸಲ ಸಾಕ್ಷಿ ನಿಲ್ಲುವ ಸರದಿ ನಿನ್ನದು. ಅವನು ಬಾಯಿ ತೆರೆಯುವ ಮುಂಚೆ ನೀನು ಬಾಗಿಲಲ್ಲಿರಬೇಕು. ಸ್ಟುಟ್‌ಗಾರ್ಟಿನ ಬಸ್ಸು ಬುಧವಾರ ಬೆಳಗ್ಗೆ ಇಲ್ಲಿಗೆ ಬರುತ್ತದೆ. ಸಭೆ ಕಾರ್ಮಿಕರ ಊಟದ ಹಾಲಿನಲ್ಲಿ, ಮಾರನೆಯ ದಿನ, ನವೆಂಬರ್ ಹನ್ನೆರಡು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ.