ಬೀರುವಿನ ಬಾಗಿಲ ವಿಷಯ

ಮೈ ಡಿಯರ್ ಅಳಿಯಂದಿರೇ,

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ದೇರ್‌ಫೋರ್ ಈ ಪತ್ರ. ರಜೆಗೆ ಮಕ್ಕಳನ್ನು ಬಿಟ್ಟು ಹೋಗುವಾಗ, ಜೋಡಿಸಿ ಕಟ್ಟುವ ಆಟಿಕೆಯ ಪೆಟ್ಟಿಗೆ ಮಗನಿಗೆ, ಗೊಂಬೆ ಮಗಳಿಗೆ ಎಂದಿರಿ. ಮಗರಾಯ ಗೊಂಬೆಗೆ ಜಡೆ ಹಾಕುತ್ತಾ ಕೂತಿದ್ದಾನೆ. ಮಗಳು ಪೆಟ್ಟಿಗೆ ಬಿಟ್ಟು ಏಳುವುದಿಲ್ಲ. ನಿಮ್ಮ ಮಾತು ಮೀರಬಾರದೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಚಮಚದ ತುದಿಯಿಂದ ತಿರುಪು ಬಿಚ್ಚಿ ಬಾಗಿಲನ್ನೇ ಕೆಳಗಿಳಿಸಿದಳು! ಗದರಿದರೆ, "ಬೀಗ ನಾನು ಮುಟ್ಟೇ ಇಲ್ಲ ತಾತ" ಅಂತಾಳೆ. ಆಮೇಲೆ ತಾನೇ ಮತ್ತೆ ಕೂರಿಸಿದಳು. ನಿಮ್ಮ ಅತ್ತೆ ಹೋದಂದಿನಿಂದ ಕಿರುಗುಟ್ಟುತ್ತಿದ್ದ ಬಾಗಿಲು ಈಗ ಸದ್ದಿಲ್ಲದೆ ಮುಚ್ಚುತ್ತದೆ.

ನನಗೆ ಸಾಕಾಯಿತು ಮಹರಾಯರೇ. ಪೆಟ್ಟಿಗೆ ಅವಳಿಗೇ ಕೊಟ್ಟಿದ್ದೇನೆ. ಕಿತ್ತುಕೊಳ್ಳುವುದಿದ್ದರೆ ಖುದ್ದಾಗಿ ಬನ್ನಿ. ಬರುವಾಗ ಒಂದು ಬಾಚಣಿಗೆ ತನ್ನಿ, ನಿಮ್ಮ ಮಗ ನನ್ನದನ್ನು ವಾಪಸು ಕೊಡುತ್ತಿಲ್ಲ.

ಇಷ್ಟು ದಿನ ಯುವರ್ಸ್ ಒಬೀಡಿಯೆಂಟ್ಲಿ ಆಗಿದ್ದ,
ನಿಮ್ಮ ಮಾವ