ಬಿಳಿ ಬಿಟ್ಟ ಜಾಗ

ಸಂಜಯನಗರ
ಶನಿವಾರ, ೧೫ ನವೆಂಬರ್ ೨೦೨೫

ಅಡುಗೆಮನೆಯಲ್ಲಿರುವ ನನ್ನ ಜಯಾಳಿಗೆ, ವರಾಂಡದಲ್ಲಿರುವ ಗಂಡನ ವಿಜ್ಞಾಪನೆ.

ಕಾಮರ್ಸ್ ಅಧ್ಯಾಪಕನಾಗಿ ನಿವೃತ್ತನಾದ, ಅರವತ್ತಮೂರು ವರ್ಷ ವಯಸ್ಸಿನ ಗುರುಚರಣನಾದ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಆರನೇ ನಂಬರಿನ ಕುಂಚ ಕಳೆದುಹೋಗಿರಲಿಲ್ಲ. ಆಗಸ್ಟಿನಲ್ಲಿ ನೀನು ಯಲಹಂಕಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ ಅದರಿಂದ ದೋಸೆ ಕಾವಲಿಗೆ ಎಣ್ಣೆ ಸವರಿದ್ದು ನಾನೇ. ಕೂದಲು ಮುರುಟಿದ ಮೇಲೆ ಅದನ್ನು ಸೀಬೆಗಿಡದ ಬುಡದಲ್ಲಿ ಸಕಲ ಮರ್ಯಾದೆಯೊಂದಿಗೆ ಹೂತಿದ್ದೇನೆ. ದೋಸೆ ಮಾತ್ರ ಬಹಳ ಕಲಾತ್ಮಕವಾಗಿ ಬಂದಿತ್ತು.

ಇಷ್ಟು ಓದಿ ನೀನು ನಕ್ಕಿದ್ದರೆ, ಆ ನಗು ಆರುವ ಮೊದಲೇ ಮುಂದಿನದನ್ನು ಹೇಳಿಬಿಡುತ್ತೇನೆ. ಅಕ್ಕನ ಚಿತ್ರ ಕೆಡಿಸಿದ್ದು ಜೈನಾಬ್ ಅಲ್ಲ. ನಾನು.

ಒಂದೇ ಮನೆಯಲ್ಲಿದ್ದುಕೊಂಡು ಪತ್ರವೇಕೆ ಎನ್ನುತ್ತೀಯೆ. ಏಳು ವಾರದಿಂದ ಬಾಯಲ್ಲೇ ಹೇಳಲು ಹೊರಟಿದ್ದೇನೆ. ಪ್ರತಿ ಸಲವೂ ನೀನು ತಿರುಗಿ "ಏನ್ರೀ?" ಅನ್ನುತ್ತೀಯ, ನಾನು "ಕಾಫಿ ಇದ್ಯಾ?" ಅನ್ನುತ್ತೇನೆ. ಈಚೆಗೆ ನಾನು ಕುಡಿದ ಕಾಫಿಯಲ್ಲಿ ಮುಕ್ಕಾಲು ಪಾಲು ಪಶ್ಚಾತ್ತಾಪದ್ದು. ಡಿಕಾಕ್ಷನ್ ಗಟ್ಟಿ, ಗುಂಡಿಗೆ ತೆಳು.

ಚಿತ್ರಕಲೆ ನಿನ್ನ ಆಸೆ. ನಾನು ಬರೀ ಲಗೇಜು. ಲೇಔಟ್ ಸಂಘದ ಮಹಡಿಯಲ್ಲಿ ಹರಿಪ್ರಿಯಾ ಮೇಡಂ ಭಾನುವಾರದ ಜಲವರ್ಣ ತರಗತಿ ಶುರು ಮಾಡಿದಾಗ ನೀನು ಸೇರಿದೆ, ಮನೆಯಲ್ಲಿ ಒಬ್ಬನೇ ಕೂರಲಾರದೆ ನಾನೂ ಸೇರಿದೆ. ನನ್ನ ಮೊದಲ ಮಾವಿನಹಣ್ಣನ್ನು ಮೇಡಂ ಒಳ್ಳೆಯ ಬದನೆಕಾಯಿ ಎಂದು ಹೊಗಳಿದರು. ನಿನ್ನ ಪಕ್ಕದ ಕುರ್ಚಿ ಆರ್.ಟಿ. ನಗರದ ಜೈನಾಬ್ ಅವರದು, ರಿಟೈರ್ಡ್ ಟೀಚರ್. ನಿಮ್ಮಿಬ್ಬರಿಗೂ ಸೇರಿ ಒಂದೇ ನೀರಿನ ಮಗ್ಗು, ಒಂದೇ ಟಿಫಿನ್ ಡಬ್ಬಿ. ಮೂವತ್ತೈದು ವರ್ಷದಲ್ಲಿ ನನ್ನ ಜೊತೆ ನಕ್ಕದ್ದಕ್ಕಿಂತ ಹೆಚ್ಚನ್ನು ನೀನು ಮೂರು ತಿಂಗಳಲ್ಲಿ ಅವರ ಜೊತೆ ನಕ್ಕೆ. ಹಿಂದಿನ ಬೆಂಚಿನಲ್ಲಿ ನಾನು ಬದನೆಕಾಯಿ ತಿದ್ದುತ್ತಾ ಕೂತಿರುತ್ತಿದ್ದೆ.

ಅಕ್ಕನ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ನೀನು ಆ ಚಿತ್ರ ಕೈಗೆತ್ತಿಕೊಂಡೆ. ಆಸ್ಪತ್ರೆ ವಾರ್ಡಿನ ಬಾಗಿಲಲ್ಲಿ ನಿಂತ ಇಪ್ಪತ್ತೈದರ ಪ್ರಿಯಂವದಾ. ಬಿಳಿ ಯೂನಿಫಾರ್ಮು, ಬಿಳಿ ಟೋಪಿ. ಆ ನರ್ಸ್ ಕೆಲಸದಲ್ಲೇ ನಿನ್ನನ್ನು ಓದಿಸಿದ ಅಕ್ಕ. ಆ ದಿನಗಳದ್ದು ಒಂದು ಫೋಟೋ ಕೂಡ ನಿಮ್ಮಲ್ಲಿ ಉಳಿದಿಲ್ಲ, ನೀನು ನೆನಪಿನಿಂದಲೇ ಬರೆದೆ. ಒಂಬತ್ತು ಕಾಗದ ಹರಿದೆ. ಹತ್ತನೆಯದರಲ್ಲಿ ಅಕ್ಕ ಬಂದಳು.

ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಡಬೇಕು ಎಂದು ಮೇಡಂ ಎರಡನೇ ವಾರವೇ ಹೇಳಿದ್ದರಂತೆ. ಆ ಖಾಲಿಯ ಪಾಠದ ದಿನ ನಾನು ಕೆಳಗೆ ಖಾಲಿ ದೋಸೆ ತಿನ್ನುತ್ತಿದ್ದೆ. ಹಾಗಾಗಿ ಆ ಭಾನುವಾರ ನೀನು ಫೋನ್ ಬಂತೆಂದು ಹೊರಗೆ ಹೋದಾಗ, ಮೇಜಿನ ಮೇಲೆ ಒಣಗಲು ಬಿಟ್ಟ ಚಿತ್ರ ನೋಡಿ, ಪಾಪ, ಯೂನಿಫಾರ್ಮಿಗೆ ಬಣ್ಣ ಹಚ್ಚಲು ಹೊತ್ತು ಸಾಲಲಿಲ್ಲ ಎಂದುಕೊಂಡೆ. ಜೈನಾಬ್ ಕಿಟಕಿಯ ಹತ್ತಿರ ಮೇಡಂ ಜೊತೆ ಮಾತಾಡುತ್ತಿದ್ದರು. ಅವರ ತಟ್ಟೆಯಲ್ಲಿ ತಿಳಿನೀಲಿ ಕಲಸಿತ್ತು. ಅವರ ಕುಂಚವನ್ನೇ ಎತ್ತಿಕೊಂಡು ನಾಲ್ಕು ಎಳೆ ಎಳೆದೆ. ಮೂವತ್ತು ವರ್ಷ ನರ್ಸ್ ಆಗಿದ್ದ ಅಕ್ಕನನ್ನು ಅರ್ಧ ನಿಮಿಷದಲ್ಲಿ ಸರ್ಕಾರಿ ಹೈಸ್ಕೂಲಿಗೆ ಸೇರಿಸಿಬಿಟ್ಟಿದ್ದೆ.

ಬರೀ ಅಜ್ಞಾನ ಎಂದು ತಪ್ಪಿಸಿಕೊಳ್ಳುವುದಿಲ್ಲ. ನಿನ್ನ ಚಿತ್ರದಲ್ಲಿ ನನ್ನದೂ ಒಂದು ಕೈ ಇರಲಿ, ನೀನು ಬಂದು ನನ್ನ ಕಡೆಗೂ ತಿರುಗಿ ಒಮ್ಮೆ ನಗಲಿ ಎಂಬ ಆಸೆ ಇತ್ತು.

ನೀನು ಬಂದೆ. ನಿನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು. ನಾನು ನಲ್ಲಿಯ ಹತ್ತಿರ ಹೋಗಿ, ತೊಳೆದಿಟ್ಟಿದ್ದ ಕುಂಚಗಳನ್ನೇ ಭಕ್ತಿಯಿಂದ ಮತ್ತೆ ತೊಳೆದೆ. ಎಲ್ಲರ ಚಿತ್ರಕ್ಕೂ ಒಂದು ಎಲೆ, ಒಂದು ಹಕ್ಕಿ ಸೇರಿಸುವ ಅಭ್ಯಾಸ ಜೈನಾಬ್ ಅವರಿಗಿತ್ತಲ್ಲ, ನೀನು ಅವರ ಕುಂಚದ ನೀಲಿ ನೋಡಿದೆ, ಅಷ್ಟೇ ಸಾಕಾಯಿತು. "ನಿಮ್ ಕೈ ಸುಮ್ನಿರಲ್ವಾ ಜೈನಾಬ್? ಅದು ಬಣ್ಣ ಹಚ್ಚೋ ಜಾಗ ಅಲ್ಲ, ನಮ್ಮಕ್ಕ," ಎಂದೆ. ಅವರು ಬಣ್ಣದ ಪೆಟ್ಟಿಗೆ ಮುಚ್ಚಿದರು.

ಮನೆಗೆ ನಡೆದು ಬರುವಾಗ ನಾನು ನಿನ್ನನ್ನು ಸಮಾಧಾನ ಮಾಡಿದೆ. ಹೋಗಲಿ ಬಿಡು, ಅವರೇನು ಬೇಕೆಂದು ಮಾಡಿರುತ್ತಾರಾ ಎಂದೆ. ನನ್ನ ತಪ್ಪಿಗೆ ಅವರನ್ನು ಕ್ಷಮಿಸಿದ ಮಹಾನುಭಾವ ನಾನು. ನೀನು ನನ್ನ ತೋಳು ಹಿಡಿದು, ನೀವು ಒಳ್ಳೆಯವರು ಕಣ್ರೀ ಎಂದೆ. ಆ ತೋಳು ಇವತ್ತಿಗೂ ನನ್ನದು ಅನ್ನಿಸುವುದಿಲ್ಲ.

ಅಂದೇ ನಿನ್ನ ಬಣ್ಣದ ಪೆಟ್ಟಿಗೆ ಅಟ್ಟ ಸೇರಿತು. ಜೈನಾಬ್ ಮೂರು ಸಲ ಫೋನ್ ಮಾಡಿದರು. ಅದು ಬಡಿದುಕೊಳ್ಳುತ್ತಿದ್ದರೂ ನೀನು ಸೊಪ್ಪು ಬಿಡಿಸುತ್ತಾ ಕೂತೆ. ಬರುವ ಶುಕ್ರವಾರ ಅಕ್ಕನಿಗೆ ಎಪ್ಪತ್ತು. ನೀನು ಅಂಗಡಿಯಿಂದ ಸೀರೆ ತಂದು, ಅದರ ಕಡೆ ನೋಡದೆ ಬೀರುವಿನಲ್ಲಿಟ್ಟೆ. ಒಬ್ಬ ಗೆಳತಿ, ಒಂದು ಚಿತ್ರ, ಅರವತ್ತಕ್ಕೆ ಕಂಡುಕೊಂಡ ಒಂದು ಸಂತೋಷ: ಮೂರಕ್ಕೂ ನಾನು ಒಂದೇ ಕುಂಚದಲ್ಲಿ ನೀಲಿ ಬಳಿದೆ.

ನನ್ನ ಪರವಾಗಿ ಹೇಳಿಕೊಳ್ಳುವುದಕ್ಕೆ ಒಂದೇ ಒಂದು ಸಂಗತಿ ಇದೆ. ನಿನ್ನೆ ಮಧ್ಯಾಹ್ನ ಆರ್.ಟಿ. ನಗರಕ್ಕೆ ಹೋಗಿ, ಜೈನಾಬ್ ಅವರೆದುರು ತಲೆಯೆತ್ತಿ ನಿಂತು, ತಡವರಿಸದೆ ಎಲ್ಲವನ್ನೂ ಒಪ್ಪಿಕೊಂಡು ಬಂದಿದ್ದೇನೆ. ಮೂವತ್ತು ವರ್ಷ ಪಾಠ ಹೇಳಿದ ಗಂಟಲು, ಒಂದು ಕಡೆಯೂ ಕಟ್ಟಲಿಲ್ಲ. ಅಷ್ಟರಮಟ್ಟಿಗೆ ನಿನ್ನ ಗಂಡ ಗಂಡಸು.

ನಾಳೆ ಹತ್ತಕ್ಕೆ ತರಗತಿ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಹೊಸ ಕಾಗದದ ಜೊತೆ ಟೀಪಾಯಿ ಮೇಲೆ ಇಟ್ಟಿದ್ದೇನೆ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡು, ಅಕ್ಕನನ್ನು ಮಾತ್ರ ಮತ್ತೆ ಬರೆ. ಈ ಪತ್ರ ಸಾರಿನಪುಡಿ ಡಬ್ಬದ ಕೆಳಗೆ ಇರುತ್ತದೆ. ನೀನು ಓದುವ ಹೊತ್ತಿಗೆ ನಾನು ಹೆಬ್ಬಾಳ ಕೆರೆಯ ದಡದಲ್ಲಿರುತ್ತೇನೆ. ಊಟಕ್ಕೆ ಕರೆದರೆ ಬರುತ್ತೇನೆ. ಕರೆಯದಿದ್ದರೆ ಮೂರು ಗಂಟೆಗೆ ಬರುತ್ತೇನೆ.

ಇಂತಿ, ನಿನ್ನ ಅಪರಾಧಿ,
ಗುರುಚರಣ

ವಿ.ಸೂ.: ಮೇಲೆ ಆರ್.ಟಿ. ನಗರದ ಬಗ್ಗೆ ಬರೆದದ್ದನ್ನು ಹೊಡೆದುಹಾಕು. ಹೋದದ್ದು ನಿಜ. ಗೇಟಿನ ಮುಂದೆ ಮೂರು ಸುತ್ತು ಹಾಕಿದೆ. ಬಟ್ಟೆ ಒಣಹಾಕುತ್ತಿದ್ದ ಜೈನಾಬ್ ಅವರೇ ನೋಡಿ ಒಳಗೆ ಕರೆದರು. ನಾನು ನಮ್ಮ ತರಗತಿಯ ಚಿತ್ರಪ್ರದರ್ಶನದ ತಾರೀಕು ಕೇಳಲು ಬಂದೆ ಎಂದೆ. ಅವರು ತಾರೀಕು ಹೇಳಿದರು. ಆಮೇಲೆ, "ಸರ್, ನನ್ ಬ್ರಷ್ ನೀವು ಎತ್ಕೊಂಡಾಗ್ಲೇ ಕಿಟಕಿಯಿಂದ ನೋಡಿದೆ. ನಾನು ಬರೋಷ್ಟರಲ್ಲಿ ಮುಗಿದೋಗಿತ್ತು," ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ, ಅವರೇ ಹೇಳಿದರು. "ನನ್ ಮೇಲೆ ಸಿಟ್ಟು ಅಂದ್ರೆ ವಾರಕ್ಕೊಂದ್ ದಿನ. ನಿಮ್ ಮೇಲೆ ಅಂದ್ರೆ ಜಯಾ ದಿನಾ ಮೂರ್ ಹೊತ್ತು ಎದುರಿಗೆ ಕೂತು ಸಿಟ್ಟು ಮಾಡ್ಬೇಕು. ನೀವೇ ಹೇಳ್ತೀರಾ ಅಂತ ಕಾದೆ." ಆಗಲಾದರೂ ಹೌದು ಅನ್ನಬೇಕಿತ್ತು. ನಾನು ಅವರ ಹಾಗಲಬಳ್ಳಿ ಸೊಂಪಾಗಿದೆ ಎಂದು ಹೊಗಳಿ ಚಪ್ಪಲಿ ಮೆಟ್ಟಿಕೊಂಡೆ. ನಾಳೆ ನೀನು ಬಂದರೆ ನಿನ್ನ ಬೆನ್ನ ಹಿಂದೆ ನಿಂತಾದರೂ ಹೇಳಿಯೇನು. ಇವತ್ತಿನವರೆಗೆ ಅವರೆದುರು ನಾನು ಬಾಯಿ ಬಿಟ್ಟಿಲ್ಲ, ಜಯಾ.