ನಡುವೆ ನಿಂತವಳ ದನಿ

ಫಿಲಡೆಲ್ಫಿಯಾ
೯ ನವೆಂಬರ್ ೧೯೭೫

ಪ್ರೀತಿಯ ಹ್ಯಾಟಿಯಮ್ಮನವರಿಗೆ,

ಲೂವೆನಿಯಾಳ ನಮಸ್ಕಾರಗಳು. ನಿಮ್ಮ ಮಗಳು ಅರ್ನೀಸ್ ಮಣ್ಣು ಸೇರಿ ಬೇಸಿಗೆ ಕಳೆಯಿತು, ಎಲೆ ಉದುರುವ ಕಾಲವೂ ಬಂತು. ಇಷ್ಟು ತಡವಾಗಿ ಬರೆದದ್ದಕ್ಕೆ ಬೈಯಿರಿ, ಪತ್ರ ಮಾತ್ರ ಹರಿಯಬೇಡಿ.

ನಾನೀಗ ಬರೆಯಹೊರಟ ಸಂಗತಿಯನ್ನು ಮೊದಲು ಹೇಳಿದವನು ರಾಸ್ಕೋ, ಸ್ಟುಡಿಯೋದಲ್ಲಿ ಟೇಪು ನೋಡಿಕೊಳ್ಳುವವನು. ಆಗಸ್ಟಿನ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಕೋಳಿ ತಿನ್ನುತ್ತಿದ್ದಾಗ.

ನಮ್ಮ ಎರಡನೆಯ ಆಲ್ಬಮ್ ಮುಗಿಯುವ ಮೊದಲೇ ಅರ್ನೀಸ್ ಹೋದಳಲ್ಲ, ಅವಳ ಜಾಗಕ್ಕೆ ರೆಕಾರ್ಡು ಕಂಪನಿಯವರು ರೋಶೆಲ್ ಎಂಬ ಹುಡುಗಿಯನ್ನು ತಂದರು. 'ಸತ್ತವಳ ದನಿಗೆ ಜನ ಕುಣಿಯೋದಿಲ್ಲ' ಎಂದು ಅರ್ನೀಸ್ ಹಾಡಿದ್ದನ್ನೆಲ್ಲ ಅಳಿಸಲು ಹೇಳಿದರು. ಟೇಪಿನಲ್ಲಿ ಅರ್ನೀಸ್, ಡೆಲ್ಫೀನ್, ನಾನು, ನಮ್ಮ ಮೂವರ ದನಿಗೂ ಬೇರೆ ಬೇರೆ ಪಟ್ಟಿ, ಅಂದರೆ ಟ್ರ್ಯಾಕು. ರಾಸ್ಕೋ ಅವಳ ಪಟ್ಟಿ ಖಾಲಿ ಮಾಡಿದ.

"ಆದ್ರೂ ಹೋಗ್ಲಿಲ್ಲ ಕಣಮ್ಮ," ಎಂದ. "ನಿಮ್ಮಿಬ್ಬರ ಪಟ್ಟಿ ಹಾಕಿದ್ರೆ ಹಿಂದೆ ಅವಳು ಹಾಡ್ತಾಳೆ. ಉಸಿರೆಳೆಯೋದೂ ಕೇಳ್ಸುತ್ತೆ."

"ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ವಾ ರಾಸ್ಕೋ ಮಾಮ?" ಎಂದಳು ನಮ್ಮ ಜೊತೆ ಹಾಡುವ ಡೆಲ್ಫೀನ್.

"ನಿಮ್ದೇ ತಪ್ಪು! ಒಬ್ಬೊಬ್ರೇ ಗಾಜಿನ ಗೂಡೊಳಗೆ ನಿಂತು ಹಾಡಿ ಅಂತ ಬಡ್ಕೊಂಡೆ, ಕೇಳಿದ್ರಾ?"

ಕೇಳಿರಲಿಲ್ಲ. ಯಾರದಾದರೂ ಕೈ ಹಿಡಿಯದೆ ಅರ್ನೀಸ್‌ಗೆ ದನಿ ಏಳುತ್ತಿರಲಿಲ್ಲ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಕೈ ಹಿಡಿದು ನಿಲ್ಲಿಸಿ ಕಲಿಸಿದವರು ನೀವೇ ಅಲ್ಲವೇ? ಅದಕ್ಕೇ ಅವಳು ನಡುವೆ, ನಾವಿಬ್ಬರು ಆಚೀಚೆ ನಿಂತು ಹಾಡಿದ್ದು. ಅವಳ ದನಿ ನಮ್ಮ ಮೈಕುಗಳೊಳಗೂ ಸೋರಿತ್ತು. ನಮ್ಮನ್ನು ಅಳಿಸದೆ ಅವಳನ್ನು ಅಳಿಸುವಂತಿರಲಿಲ್ಲ.

"ನಾಳೆ ರೋಶೆಲ್ ಅದರ ಮೇಲೆ ಹಾಡ್ತಾಳೆ. ಆಮೇಲೆ ಯಾರಿಗೂ ಕೇಳ್ಸಲ್ಲ," ಎಂದ ರಾಸ್ಕೋ.

ಮರುದಿನ ಬೆಳಿಗ್ಗೆ ನಾನೂ ಡೆಲ್ಫೀನಳೂ ಯಾರೂ ಕರೆಯದಿದ್ದರೂ ಸ್ಟುಡಿಯೋಗೆ ಹೋದೆವು. ಆಲ್ಬಮ್ಮಿನ ಮೊದಲ ಹಾಡು ಶುರುವಾಯಿತು. ಬಾಯಿ ತೆರೆದ ರೋಶೆಲ್ ಹಾಗೇ ನಿಂತಳು. ಹೆಡ್‌ಫೋನ್ ತೆಗೆದು, "ಅಕ್ಕಾ, ಇಲ್ಲಿ ಆಗ್ಲೇ ಯಾರೋ ಹಾಡ್ತಿದಾರೆ. ಅವರ ಮೇಲೆ ನಾನ್ಹೇಗೆ ಹಾಡ್ಲಿ?" ಎಂದಳು. ಕಂಪನಿಯವರು ಕೂಗಾಡಿದರು. ನಾವು ಅವಳ ಆಚೀಚೆ ಹೋಗಿ ಕೈ ಹಿಡಿದು ನಿಂತೆವು. ಹಾಡು ಮುಗಿಯುವ ತನಕ ಮೂವರೂ ಬಾಯಿ ಬಿಡಲಿಲ್ಲ. ಕೊನೆಗೆ ಕಂಪನಿಯವರೂ ನಿಂತು ಕೇಳಿದರು, ಆ ಹಾಡನ್ನು ಹಾಗೇ ಬಿಟ್ಟರು.

ರೆಕಾರ್ಡು ಕಳಿಸುತ್ತಿದ್ದೇನೆ. ಅದರ ರಟ್ಟಿನ ಹೊದಿಕೆಯ ಮೇಲಿರುವ ಮುಖ ರೋಶೆಲ್‌ಳದು. ಮೊದಲ ಹಾಡಿನಲ್ಲಿ, ನಮ್ಮಿಬ್ಬರ ಹಿಂದೆ, ದೂರದಲ್ಲಿ ಕೇಳಿಸುವವಳು ನಿಮ್ಮವಳು. ಅದನ್ನು ಹಾಡುವಾಗ ವೇದಿಕೆಯ ಮೇಲೆ ನನ್ನ ಬಲಗೈ ಈಗಲೂ ಬೆಚ್ಚಗಾಗುತ್ತದೆ.

ದೇವರು ನಿಮ್ಮನ್ನು ಕಾಯಲಿ.

ನಿಮ್ಮ ಮಗಳಂಥವಳು,
ಲೂವೆನಿಯಾ

ಮತ್ತೆ: ಮೇ ತಿಂಗಳಲ್ಲಿ ಅರ್ನೀಸ್ ನಿಮಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ಕುಣಿಯೋರಿಗೆ ಹಾಡೋ ಮಗಳು ನನಗಿಲ್ಲ" ಎಂದು ನೀವು ಫೋನ್ ಇಟ್ಟುಬಿಟ್ಟಿರಿ. ಅವಳು ಇಡಲಿಲ್ಲ. ನನ್ನ ಕೈ ಹಿಡಿದುಕೊಂಡು, ಆ ಮೊದಲ ಹಾಡನ್ನು ಪೂರ್ತಿ ಫೋನಿನೊಳಕ್ಕೆ ಹಾಡಿದಳು.